ವಿಮಲಮ್ಮ ಬೀಳುವುದಕ್ಕೆ ವಿಮೆ ಕಟ್ಟಿದ್ದು

ಅಷ್ಟು ಬೇಗ ಪೆನ್ನು ಕೆಳಗಿಟ್ಟುಬಿಟ್ಟೆಯಾ ಮಾರಾಯ್ತಿ? ಎತ್ತಿಕೋ. ಇಷ್ಟು ಹೊತ್ತು ಹೇಳಿದ್ದು ಮನೆತನ, ಗದ್ದೆ, ಯಾರು ಯಾರಿಗೆ ಏನಾಗಬೇಕು ಅನ್ನುವ ಪುರಾಣ. ಅದನ್ನು ಬೇಕಾದರೆ ಹರಿದು ಬಿಸಾಕು. ಈಗ ಹೇಳುವುದನ್ನು ಮಾತ್ರ ನೆಟ್ಟಗೆ ಬರೆದುಕೋ. ಹಿಂದಿನ ಕೊಟ್ಟಿಗೆಯಲ್ಲಿ ಗೋಣಿತಾಟು ಹೊದ್ದುಕೊಂಡು ಒಂದು ಹಸಿರು ಸೈಕಲ್ಲು ನಿಂತಿದೆಯಲ್ಲ, ನಡುವೆ ಅಡ್ಡಕಂಬಿ ಇಲ್ಲದ್ದು, ಅದು ನಿನ್ನ ಚಿಕ್ಕಜ್ಜಿ ವಿಮಲಮ್ಮನದು. ನೀವು ಮಕ್ಕಳು ಅದರ ಬೆಲ್ಲು ಕಿತ್ತು ಆಟ ಆಡಿದ್ದೀರಿ. ಆ ಸೈಕಲ್ಲಿಗೆ ಇನ್ಶೂರೆನ್ಸ್ ಇತ್ತು ಅಂದರೆ ನಂಬುತ್ತೀಯಾ? ಶಿವಮೊಗ್ಗದ ಪಕ್ಕದ ನಮ್ಮ ನವುಲೆಯಲ್ಲಿ ಮನುಷ್ಯರಿಗೇ ಇನ್ಶೂರೆನ್ಸ್ ಇಲ್ಲದ ಕಾಲ ಅದು.

ವಿಮಲಮ್ಮ ಅಂದರೆ ನಿಮ್ಮಜ್ಜ ಭೈರಪ್ಪನವರ ತಮ್ಮ ಕರಿಯಣ್ಣನ ಹೆಂಡತಿ, ನನಗೆ ಓರಗಿತ್ತಿ. ಕರಿಯಣ್ಣನಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರ ಕೆಲಸ. ಅಲ್ಲೇ ಒಂದು ಲೈನು ಮನೆಯಲ್ಲಿ ಇದ್ದುಕೊಂಡು ರಜೆಗೆ ಊರಿಗೆ ಬರುತ್ತಿದ್ದ. ಬೆಂಕಿಯ ಮುಂದೆ ನಿಂತು ನಿಂತು ಮಾತೇ ಆರಿಹೋದಂಥ ಸಾಧು. ಇವಳು ಹಾಗಲ್ಲ. ಹೆರಿಗೆ ಮಾಡಿಸುವ ಟ್ರೈನಿಂಗ್ ಪಡೆದು, ಸರ್ಕಾರದ ದಾದಿಯಾಗಿ ನವುಲೆಗೇ ಹಾಕಿಸಿಕೊಂಡು ಬಂದವಳು. ಸವಳಂಗ ರಸ್ತೆಯ ಉದ್ದಕ್ಕೂ, ತ್ಯಾವರೆಕೊಪ್ಪದ ಕಾಡಿನ ತನಕ, ಯಾರಿಗೆ ನೋವು ಬಂದರೂ ಇವಳಿಗೇ ಕರೆ. ಈಗ ನೀವು ಟಿಕೆಟ್ ತೆಗೆದುಕೊಂಡು ಹುಲಿ ಸಿಂಹ ನೋಡುವುದಕ್ಕೆ ಹೋಗುತ್ತೀರಲ್ಲ, ಆ ತ್ಯಾವರೆಕೊಪ್ಪವೇ. ಆಗ ಟಿಕೆಟ್ ಇರಲಿಲ್ಲ, ಹುಲಿಯೇ ಪುಕ್ಕಟೆ ಬಂದು ನೋಡಿಕೊಂಡು ಹೋಗುತ್ತಿತ್ತು. ಅಂಥ ಕಡೆಗೆ ಅವಳು ನಡೆದುಕೊಂಡೇ ಹೋಗುತ್ತಿದ್ದಳು. ನಡೆದು ತಲುಪುವ ಹೊತ್ತಿಗೆ ಕೆಲವು ಸಲ ಮಗು ಹುಟ್ಟಿ ಆಗಿರುತ್ತಿತ್ತು, ಕೆಲವು ಸಲ ಅದಕ್ಕಿಂತ ಕೆಟ್ಟದ್ದು ಆಗಿರುತ್ತಿತ್ತು. ಹಾಗೆ ಆದ ದಿನ ಅವಳು ಮನೆಗೆ ಬಂದು ಬಾವಿಯಿಂದ ನೀರು ಸೇದಿ ಸೇದಿ ತಲೆಗೆ ಸುರಿದುಕೊಳ್ಳುತ್ತಿದ್ದಳು.

ಸೈಕಲ್ಲು ಬಂದದ್ದು ಭದ್ರಾವತಿಯಿಂದ. ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಒಬ್ಬ ಜರ್ಮನ್ ಎಂಜಿನಿಯರನ ಹೆಂಡತಿಗೆ, ಗಂಡನ ಲೈನು ಮನೆಗೆ ಹೋಗಿದ್ದಾಗ, ಇವಳೇ ಹೆರಿಗೆ ಮಾಡಿಸಿದ್ದಳು. ಆ ಹೆಂಗಸು ತನ್ನ ದೇಶಕ್ಕೆ ಹೋಗುವಾಗ ಸಾಮಾನನ್ನೆಲ್ಲ ಮಾರಿ, ಸೈಕಲ್ಲನ್ನು ಮಾತ್ರ ವಿಮಲಮ್ಮನಿಗೆ ಅಂತ ಎತ್ತಿಟ್ಟು, ಅರ್ಧಕ್ಕರ್ಧ ಬೆಲೆಗೆ ಕೊಟ್ಟುಹೋದಳು. ಏನು ಸೈಕಲ್ಲು ಅಂತೀಯ. ಸೀರೆ ಸಿಕ್ಕದ ಹಾಗೆ ಹಿಂದಿನ ಚಕ್ರಕ್ಕೆ ಬಣ್ಣದ ದಾರದ ಬಲೆ, ಚೈನಿಗೆ ಪೂರ್ತಿ ಮುಚ್ಚಳ, ಮುಂದೆ ಡೈನಮೋ ದೀಪ. ಕರಿಯಣ್ಣ ಲೈನು ಮನೆಗಳ ರಸ್ತೆಯಲ್ಲಿ ಹಿಂದಿನಿಂದ ಸೀಟು ಹಿಡಿದುಕೊಂಡು ಓಡುತ್ತಾ ಅವಳಿಗೆ ಕಲಿಸಿದ.

"ಬಿಡ್ತೀನಿ ಕಣೆ, ಬಿಡ್ಲಾ?"

"ಬಿಡಿ ಅಂದೆನಲ್ಲ."

"ಬಿಟ್ಟೇ ಬಹಳ ಹೊತ್ತಾಯ್ತು," ಅಂತ ದೂರದಿಂದ ಕೂಗಿದನಂತೆ ಪುಣ್ಯಾತ್ಮ.

ಆದರೆ ನವುಲೆಯಲ್ಲಿ ಮನೆ ಯಜಮಾನರು ನಿಮ್ಮಜ್ಜ. ಅವಳ ಸಂಬಳವೂ ಅವರ ಪೆಟ್ಟಿಗೆಗೇ ಸೇರುತ್ತಿತ್ತು, ಆಗ ಎಲ್ಲರ ಮನೆಯಲ್ಲೂ ಹಾಗೇ. ಅವಳು ಸೈಕಲ್ಲಿನ ಮೇಲೆ ಅಂಗಳಕ್ಕೆ ಬಂದು ಇಳಿದಾಗ ಅವರು ಜಗಲಿಯಲ್ಲಿ ಎಲೆ ಮಡಿಚುತ್ತಿದ್ದರು. ಮಡಿಚಿದ ಎಲೆ ಬಾಯಿಗೆ ಹೋಗಲಿಲ್ಲ.

"ಇದನ್ನ ಇಟ್ಕೊಂಡು ಏನು ಮಾಡ್ತೀಯಮ್ಮಾ?"

"ಹತ್ತಿ ಹೋಗ್ತೀನಿ ಭಾವ."

"ಬಿದ್ರೆ?"

"ಎದ್ದು ಹೋಗ್ತೀನಿ."

ತಮ್ಮನ ಹೆಂಡತಿ ಹಾಗೆ ಎದುರು ನಿಂತು ಮಾತಾಡಿದ್ದು ಅವರಿಗೆ ಅದೇ ಮೊದಲು. ಎಲ್ಲರಿಗೂ ಕೇಳುವ ಹಾಗೆ ಒಂದು ಕಟ್ಟು ಹಾಕಿದರು. "ಆಯ್ತು, ಇಟ್ಕೋ. ಆದ್ರೆ ಈ ಸೈಕಲ್ಲಿಗೆ ಏನಾದ್ರೂ ಆದ ದಿನ ಅದೇ ಕಡೆ. ರಿಪೇರಿಗೂ ಈ ಮನೆಯಿಂದ ಕಾಸು ಬಿಚ್ಚಲ್ಲ, ಇನ್ನೊಂದಕ್ಕೂ ಬಿಚ್ಚಲ್ಲ. ಆಮೇಲೆ ನೀನು ಕೆಲಸ ಬಿಟ್ಟು ಮನೇಲಿರ್ಬೇಕು."

ವಿಮಲಮ್ಮ ತಲೆ ಆಡಿಸಿದಳು. ಒಪ್ಪಿ ಆಡಿಸಿದಳೋ, ಒಪ್ಪದೆ ಆಡಿಸಿದಳೋ, ಅದು ಅವಳಿಗೇ ಗೊತ್ತು. ಒಂದಂತೂ ಅವಳಿಗೆ ಅರ್ಥವಾಯಿತು. ಸೈಕಲ್ಲು ಹೋದರೆ ಕೆಲಸ ಹೋಯಿತು. ಅಂದಮೇಲೆ, ಹೋದರೂ ವಾಪಸ್ಸು ಬರುವಂಥ ದಾರಿ ಹುಡುಕಬೇಕು, ಅದೂ ಭಾವನ ಪೆಟ್ಟಿಗೆಯ ಕಡೆ ಕೈ ಚಾಚದೆ.

ದಾರಿ ಕರಿಯಣ್ಣನೇ ಹೇಳಿದ. ಭದ್ರಾವತಿಯಲ್ಲಿ ಮುರುಗೇಶಪ್ಪ ಅಂತ ಒಬ್ಬ ಇನ್ಶೂರೆನ್ಸ್ ಏಜೆಂಟರು ಇದ್ದರು. ಸೇಲಂ ಕಡೆಯಿಂದ ಬಂದು ಅಲ್ಲೇ ನೆಲೆ ನಿಂತವರು, ಕನ್ನಡವನ್ನು ತಮಿಳಿನ ರಾಗದಲ್ಲಿ ಆಡುತ್ತಿದ್ದರು. ಕಾರ್ಖಾನೆಯ ಸಾಹೇಬರ ಮೋಟಾರಿಗೆ ವಿಮೆ ಮಾಡುವವರು, ಬೆಲೆಬಾಳುವ ಸೈಕಲ್ಲಿಗೂ ಮಾಡುತ್ತಿದ್ದರಂತೆ. ವಿಮಲಮ್ಮ ಒಂದು ಭಾನುವಾರ ಸೈಕಲ್ ತುಳಿದುಕೊಂಡೇ ಭದ್ರಾವತಿಗೆ ಹೋಗಿ ಅವರ ಮನೆಯ ಮುಂದೆ ಇಳಿದಳು.

"ಮೂರು ಥರ ಇರುತ್ತೆ ಅಮ್ಮಾ," ಅಂದರು ಮುರುಗೇಶಪ್ಪ, ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು. "ಕಳ್ಳತನಕ್ಕೆ ಒಂದು, ಬೆಂಕಿಗೆ ಒಂದು, ಬಿದ್ದು ಮುರಿದ್ರೆ ಒಂದು. ಮೂರೂ ಮಾಡಿಸಿದ್ರೆ ಕ್ಷೇಮ."

"ಮೂರಕ್ಕೆ ನನ್ನತ್ರ ಆಗಲ್ಲ ಸಾರ್. ಒಂದು ಮಾಡ್ಕೊಡಿ."

"ಹಾಗಾದ್ರೆ ಕಳ್ಳತನ. ಫಾರಿನ್ ಮಾಲು ಅಮ್ಮಾ ಇದು, ಕಣ್ಣು ಹಾಕ್ತಾರೆ."

ಅವಳು ಕೂಡಲೇ ಹೂಂ ಅನ್ನಲಿಲ್ಲ. ಕೇಳಿಕೊಂಡು ಬರುತ್ತೇನೆ ಅಂತ ಹೊರಟಳು. ಕೇಳಿದವರೆಲ್ಲ ಅದನ್ನೇ ಹೇಳಿದರು. ಕರಿಯಣ್ಣ ಕಳ್ಳತನ ಅಂದ. ಸವಳಂಗ ರಸ್ತೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ನಸರುಲ್ಲಾ, ಅವಳ ಸೈಕಲ್ಲಿಗೆ ಎಣ್ಣೆ ಬಿಡುತ್ತಾ, "ಚೋರಿಗೇ ಮಾಡ್ಸಿ ಅಕ್ಕಾ, ಜಮಾನಾ ಖರಾಬಾಗಿದೆ," ಅಂದ.

"ನಸರುಲ್ಲಾ, ನೀನು ಕಳ್ಳ ಅಂತ ಇಟ್ಕೋ."

"ತೋಬಾ ತೋಬಾ."

"ಸುಮ್ನೆ ಇಟ್ಕೋ ಅಂದೆ. ಇದನ್ನ ಕದ್ದೆ. ಆಮೇಲೆ ಏನು ಮಾಡ್ತೀಯ?"

ನಸರುಲ್ಲಾ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದ. ಇಡೀ ಶಿವಮೊಗ್ಗದಲ್ಲಿ ಅಂಥದ್ದು ಇದ್ದದ್ದು ಅದೊಂದೇ. ಗಂಡಸು ಅದರ ಮೇಲೆ ಕೂತು ಗಾಂಧಿ ಬಜಾರಿನ ತನಕ ಹೋದರೆ ಸಾಕು, ತರಕಾರಿ ಮಾರುವವರೂ ನಗುತ್ತಾರೆ. ಮಾರೋಣ ಅಂದರೆ ಕೊಳ್ಳುವವರಿಲ್ಲ. ಅಡಗಿಸಿಡೋಣ ಅಂದರೆ ಅಡಿಕೆ ಚೀಲವಲ್ಲ.

"ಕದ್ದೋನೇ ತಂದು ನಿಮ್ಮನೆ ಬಾಗ್ಲಲ್ಲಿ ಇಟ್ಟು ಹೋಗ್ತಾನೆ ಬಿಡಿ," ಅಂತ ಒಪ್ಪಿಕೊಂಡ.

ಮನೆಯಲ್ಲಿ ನಿಮ್ಮಜ್ಜನ ಕಿವಿಗೂ ಸುದ್ದಿ ಬಿತ್ತು. ರಾತ್ರಿ ಊಟಕ್ಕೆ ಕೂತಾಗ ಅವಳು, ಬಿದ್ದು ಮುರಿದರೆ ದುಡ್ಡು ಬರುವ ವಿಮೆಯನ್ನೇ ಮಾಡಿಸುತ್ತೇನೆ ಅಂದಳು. ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿ ನಕ್ಕರು.

"ಅಲ್ಲಮ್ಮಾ, ಬೀಳೋದಕ್ಕೆ ಇನ್ಶೂರೆನ್ಸ್ ಕಟ್ಟಿದ್ರೆ, ಬೀಳ್ತೀನಿ ಅಂತ ನೀನೇ ಬರ್ಕೊಟ್ಟಂಗಾಯ್ತಲ್ಲ. ನಾನು ಹೇಳಿದ್ದೂ ಅದೇ ತಾನೆ?"

ಅವಳಿಗೆ ಅದು ಚುಚ್ಚಿತು. ಕಳ್ಳತನಕ್ಕೆ ಮಾಡಿಸಿದ್ದರೆ ಆ ಮಾತು ಕೇಳಬೇಕಾಗಿರಲಿಲ್ಲ. ಸಾರಿನ ಸೌಟು ಎತ್ತಿಕೊಂಡಳು. ಆಮೇಲೆ ಅವರ ತಟ್ಟೆಗೆ ಸಾರು ಬಿಡುತ್ತಾ, "ಹೌದು ಭಾವ, ಬೀಳ್ತೀನಿ. ಸೈಕಲ್ ಹೊಡಿಯೋರೇ ಬೀಳೋದು. ಜಗಲಿ ಮೇಲೆ ಕೂತೋರು ಎಲ್ಲಿ ಬೀಳ್ತಾರೆ?" ಅಂದಳು.

ಹೆರಿಗೆ ಆದ ಮನೆಯವರು ದಾದಿಗೆ ಅಕ್ಕಿ, ಕಾಯಿ, ಒಂದು ಹಿಡಿ ಅಡಿಕೆ ಕೊಡುವುದು ನಮ್ಮ ಕಡೆಯ ಪದ್ಧತಿ. ಅಕ್ಕಿ ಕಾಯಿ ಮನೆಗೆ ಬರುತ್ತಿತ್ತು, ಅಡಿಕೆಯನ್ನು ಅವಳು ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಆ ಡಬ್ಬಿ ಮಂಡಿಗೆ ಹೋಯಿತು, ವಿಮೆಯ ಕಂತು ಆಯಿತು. ಪಾಲಿಸಿ ಕೊಡುವಾಗ ಮುರುಗೇಶಪ್ಪ, "ಮನೆಯವರೇ ಹಾಳು ಮಾಡಿದ್ರೆ ಕಂಪನಿ ಕೊಡಲ್ಲ ಅಮ್ಮಾ, ಅದೊಂದು ನೆನಪಿಟ್ಕೊಳ್ಳಿ," ಅಂದರಂತೆ. ಅವಳು ಅದಕ್ಕೆ, "ನಮ್ಮನೆಯವರು ಬೈತಾರೆ ಸಾರ್, ಒಡೆಯಲ್ಲ," ಅಂದಳಂತೆ. ನೋಡು, ನಿಮ್ಮಜ್ಜನ ಮೇಲೆ ಅಷ್ಟು ನಂಬಿಕೆ ಅವಳಿಗೆ ಇತ್ತು.

ಆ ವರ್ಷದ ಆಯುಧಪೂಜೆ ಬಂತು. ಅವತ್ತು ನೇಗಿಲು, ಕುಡುಗೋಲು, ಗುದ್ದಲಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಎಲ್ಲವನ್ನೂ ತೊಳೆದು ಸಾಲಾಗಿ ಇಡುತ್ತಾರಲ್ಲ, ನಿಮ್ಮಜ್ಜ ಹೋಗಿ ಅವಳ ಸೈಕಲ್ಲನ್ನೂ ತಂದು ಸಾಲಿನ ಕೊನೆಗೆ ನಿಲ್ಲಿಸಿದರು. ಕುಂಕುಮ ಇಟ್ಟರು, ಎರಡು ಕಡೆ ಬಾಳೆಕಂದು ಕಟ್ಟಿದರು, ಹ್ಯಾಂಡಲ್ಲಿನಿಂದ ಕೆಳಗಿನ ತನಕ ಬಾಳೆನಾರಿನಲ್ಲಿ ಪೋಣಿಸಿದ ಚೆಂಡುಹೂವಿನ ಹಾರ ಸುತ್ತಿದರು. ಬೈಯುವುದು ಬೇರೆ, ಪೂಜೆ ಬೇರೆ ಅನ್ನುವ ಮನುಷ್ಯ. ವಿಮಲಮ್ಮನಿಗೆ ಒಳಗೊಳಗೇ ಖುಷಿಯಾಯಿತು. ಪೂಜೆಗೆ ಇಟ್ಟ ಮೇಲೆ ಮಾರನೆಯ ದಿನದ ತನಕ ಆಯುಧವನ್ನು ಯಾರೂ ಮುಟ್ಟುವ ಹಾಗಿಲ್ಲ. ಚಾಕುವನ್ನೂ ಮುಟ್ಟಬಾರದು ಅಂತ ನಾವು ಹೆಂಗಸರು ಹಿಂದಿನ ದಿನವೇ ತರಕಾರಿ ಹೆಚ್ಚಿ ಇಟ್ಟುಕೊಳ್ಳುತ್ತಿದ್ದೆವು. ಸೋರೆಕಾಯಿ ಅಂತೂ ಹೆಚ್ಚಿಟ್ಟರೆ ಕಪ್ಪಗಾಗುತ್ತದೆ, ಅದನ್ನು ಮಾತ್ರ ಹೆಚ್ಚಬಾರದು. ಇರಲಿ, ಅದು ಬೇರೆ ಮಾತು.

ಮಂಗಳಾರತಿ ಆಗಿ ಇನ್ನೂ ಕರ್ಪೂರದ ವಾಸನೆ ಹೋಗಿರಲಿಲ್ಲ, ತ್ಯಾವರೆಕೊಪ್ಪದಿಂದ ಹಯಾತ್ ಬಂದು ಅಂಗಳದಲ್ಲಿ ನಿಂತ. ಮರದ ಲಾರಿಯಲ್ಲಿ ಕೆಲಸಕ್ಕೆ ಇದ್ದವನು. ಹೆಂಡತಿ ಜಹಾನಾರಾಳಿಗೆ ನೋವು ಶುರುವಾಗಿದೆ, ಕಾಲು ಮುಂದಾಗಿ ಬರುತ್ತಿದೆ ಅಂತ ಮನೆಯ ಹಿರಿಯರು ಹೇಳಿದ್ದಾರೆ, ಅವನು ಸಿಕ್ಕ ಲಾರಿ ಹತ್ತಿ ಬಂದಿದ್ದಾನೆ, ಲಾರಿ ಮುಂದೆ ಪೇಟೆಗೆ ಹೋಗಿಬಿಟ್ಟಿದೆ. ಕಾಲು ಮುಂದಾಗಿ ಅಂದದ್ದೇ ವಿಮಲಮ್ಮ ಒಳಗೆ ಹೋಗಿ ತನ್ನ ಚೀಲ ತಂದಳು. ನೇರವಾಗಿ ಪೂಜೆಯ ಸಾಲಿಗೆ ನಡೆದು ಸೈಕಲ್ಲಿನ ಹ್ಯಾಂಡಲ್ ಹಿಡಿದಳು.

"ಅದನ್ನ ಮುಟ್ಬೇಡ," ಅಂದರು ನಿಮ್ಮಜ್ಜ.

"ಗಾಡಿ ಕಟ್ಟಿಸ್ತೀರಾ ಭಾವ?"

"ಗಾಡಿಗೂ ಪೂಜೆ ಆಗಿದೆ. ಎತ್ತಿಗೂ ಆಗಿದೆ. ಇವತ್ತು ಯಾವುದೂ ಹೊರಡಲ್ಲ."

"ಮಗು ಹೊರಟುಬಿಟ್ಟಿದೆಯಲ್ಲ ಭಾವ."

"ದೇವರ ಮುಂದೆ ಇಟ್ಟಿದ್ದನ್ನ ಎಳ್ಕೊಂಡು ಹೋದ್ರೆ ಒಳ್ಳೇದಾಗಲ್ಲ, ಹೇಳಿದೀನಿ."

"ಕೆಲಸ ಮಾಡೋದಕ್ಕೆ ಅಂತ ತಾನೆ ಇದಕ್ಕೆ ಪೂಜೆ ಮಾಡಿದ್ದು? ಅದನ್ನೇ ಮಾಡ್ತೀನಿ," ಅಂದಳು. ಬಾಳೆಕಂದು ಎರಡನ್ನೂ ಬಿಚ್ಚಿ ತುಳಸಿಕಟ್ಟೆಗೆ ಒರಗಿಸಿದಳು. ಹಾರ ಬಿಚ್ಚಲು ನೋಡಿದಳು, ನಿಮ್ಮಜ್ಜನ ಗಂಟು ಬಿಚ್ಚಿದವರಿಲ್ಲ. ಕೀಳುವುದಕ್ಕೆ ಮನಸ್ಸು ಬರಲಿಲ್ಲ, ಎಷ್ಟಾದರೂ ದೇವರ ಹೂವು. ಹಾರವನ್ನು ಸೈಕಲ್ಲಿನ ದೀಪಕ್ಕೆ ಎರಡು ಸುತ್ತು ಸುತ್ತಿ, ತುದಿಯನ್ನು ಸಿಕ್ಕಿಸಿ, ಹಯಾತನಿಗೆ ಹಿಂದೆ ನಡೆದು ಬಾ ಅಂತ ಹೇಳಿ ಹತ್ತಿಯೇಬಿಟ್ಟಳು.

ಊರು ದಾಟಿದಳು. ಕಾಡಿನ ಹತ್ತಿರದ ಇಳಿಜಾರಿನಲ್ಲಿ ಹಾರದ ತುದಿ ಬಿಟ್ಟುಕೊಂಡಿತು. ಮುಂದಿನ ಚಕ್ರ ಅದನ್ನು ನುಂಗಿತು. ಬಾಳೆನಾರು ಹರಿಯುವಂಥದ್ದಲ್ಲ, ಚಕ್ರ ಗಕ್ಕನೆ ನಿಂತಿತು, ಸೈಕಲ್ಲು ಪಲ್ಟಿ ಹೊಡೆಯಿತು. ಅವಳು ರಸ್ತೆಯ ಪಕ್ಕದ ಲಂಟಾನ ಪೊದೆಗೆ ಹೋಗಿ ಬಿದ್ದಳು. ಎದ್ದು ನೋಡಿದರೆ ಮುಂದಿನ ಚಕ್ರ ಹಪ್ಪಳದ ಹಾಗೆ ಸೊಟ್ಟ, ಫೋರ್ಕು ಮುರಿದಿದೆ, ಡೈನಮೋ ಎಲ್ಲೋ ಹಾರಿಹೋಗಿದೆ. ಮೊಣಕೈ ತರಚಿ ರಕ್ತ. ರಸ್ತೆ ತುಂಬ ಚೆಂಡುಹೂವು. ಅವಳು ಅಳಲಿಲ್ಲವಂತೆ. ಭಾವ ಹಾಕಿದ ಕಟ್ಟು ನೆನಪಾಗಿ, ಮುರಿದ ಸೈಕಲ್ಲಿಗೇ ಹೇಳಿದಳಂತೆ, "ಇರು, ನಿನ್ನ ಬಿಡಲ್ಲ. ಮೊದ್ಲು ಆ ಹುಡುಗೀನ ನೋಡ್ಕೊಂಡು ಬರ್ತೀನಿ," ಅಂತ. ಚೀಲ ಎತ್ತಿಕೊಂಡು ಉಳಿದ ದಾರಿಯನ್ನು ಓಡಿದಳು. ಮಗು ಉಳಿಯಿತು, ತಾಯಿಯೂ ಉಳಿದಳು. ಸಂಜೆಗೆ ಹಯಾತ್ ಮುರಿದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು, ಅವಳ ಹಿಂದೆ ನಮ್ಮ ಅಂಗಳಕ್ಕೆ ಬಂದ.

ನಿಮ್ಮಜ್ಜ ಚಕ್ರ ನೋಡಿದರು, ಮೊಣಕೈ ನೋಡಿದರು. "ಹೇಳಿದ್ನಲ್ಲ," ಅಂದರು. "ಮಾತು ನೆನಪಿದೆಯಲ್ಲ?"

"ನೆನಪಿದೆ ಭಾವ. ಈ ಮನೆಯಿಂದ ಕಾಸು ಬೇಡ."

ಮಾರನೆಯ ದಿನ ಬೆಳಗ್ಗೆ ಅವಳು ನಸರುಲ್ಲಾನ ಅಂಗಡಿಗೆ ಮುರಿದ ಸೈಕಲ್ಲು ಸೇರಿಸಿ, ಮುರುಗೇಶಪ್ಪನವರಿಗೆ ಕಾಗದ ಹಾಕಿ, ಅದೇ ಅಂಗಡಿಯಿಂದ ಬಾಡಿಗೆಗೆ ಒಂದು ಸೈಕಲ್ಲು ತಂದಳು. ಬಾಡಿಗೆಗೆ ಇದ್ದದ್ದೆಲ್ಲ ಗಂಡಸರ ಸೈಕಲ್ಲೇ, ನಡುವೆ ಕಂಬಿ ಇರುವಂಥದ್ದು. ಸೀರೆಯುಟ್ಟು ಅದನ್ನು ಹತ್ತುವುದು ಹೇಗೆ? ನಾಟಿ ಗದ್ದೆಗೆ ಇಳಿಯುವಾಗ ಹೆಂಗಸರು ಕಚ್ಚೆ ಹಾಕುತ್ತಾರಲ್ಲ, ಹಾಗೆ ಕಚ್ಚೆ ಬಿಗಿದು, ಕಾಲು ಆಚೆ ಎಸೆದು ಕೂತಳು. ಸವಳಂಗ ರಸ್ತೆಯ ಅಂಗಡಿಯವರೆಲ್ಲ ತಕ್ಕಡಿ ಕೆಳಗಿಟ್ಟು ನೋಡಿದರು. ಹಸಿರು ಸೈಕಲ್ಲಿನಲ್ಲಿ ಮರ್ಯಾದೆಯಾಗಿ ಕೂತು ಹೋಗುತ್ತಿದ್ದವಳು ಈಗ ಹೀಗೆ, ಬೆಲ್ಲು ಹೊಡೆಯುತ್ತಾ, ದಿನಾ ಬೆಳಗ್ಗೆ.

ನಿಮ್ಮಜ್ಜನಿಗೆ ಪೇಟೆಗೆ ಹೋಗುವುದೇ ಕಷ್ಟವಾಯಿತು. ಕ್ಷೌರದ ಅಂಗಡಿಯಲ್ಲಿ ಕೇಳುತ್ತಾರೆ, ಮಂಡಿಯಲ್ಲಿ ಕೇಳುತ್ತಾರೆ. ಕೊನೆಗೆ ಒಂದು ದಿನ ಅವಳನ್ನು ತಡೆದು ನಿಲ್ಲಿಸಿದರು.

"ಅದನ್ನ ವಾಪಸ್ ಕೊಟ್ಟುಬಿಡು."

"ನಂದು ರಿಪೇರಿ ಆದ್ರೆ ಕೊಟ್ಟುಬಿಡ್ತೀನಿ."

"ಯಾವಾಗ ಆಗುತ್ತೆ?"

"ಕಂಪನಿ ದುಡ್ಡು ಬಂದ್ರೆ."

"ಯಾವಾಗ ಬರುತ್ತೆ?"

"ವಿಚಾರಣೆಗೆ ಕರ್ದಿದಾರೆ. ಮನೆ ಯಜಮಾನ್ರೂ ಬಂದು ಹೇಳ್ಬೇಕಂತೆ."

ಬೇರೆ ದಾರಿ ಇರಲಿಲ್ಲ. ವಿಚಾರಣೆಯ ದಿನ ಅವರು ರುಮಾಲು ಸುತ್ತಿಕೊಂಡು ಭದ್ರಾವತಿ ಬಸ್ಸು ಹತ್ತಿದರು. ಅವಳನ್ನೂ ಬಸ್ಸಿಗೆ ಕರೆದರು, ನನಗೆ ಸೈಕಲ್ಲಿದೆ ಅಂದಳು. ದಾರಿಯಲ್ಲಿ ಬಸ್ಸು ಅವಳನ್ನು ದಾಟಿತು. ಕಿಟಕಿಯಿಂದ ಒಬ್ಬ ತಲೆ ಹೊರಗೆ ಹಾಕಿ, "ನೋಡ್ರೋ, ಗಂಡುಬೀರಿ," ಅಂತ ನಕ್ಕ. ನಿಮ್ಮಜ್ಜ ಮೊದಲು ಆಚೆ ಮುಖ ಮಾಡಿಕೊಂಡರಂತೆ. ಅವನು ಇನ್ನೇನೋ ಅಂದನಂತೆ. ಆಗ ಇವರು ಎದ್ದು ನಿಂತು, "ನಮ್ಮನೆ ಸೊಸೆ ಕಣಯ್ಯಾ ಅವಳು. ಹೆರಿಗೆ ಮಾಡಿಸ್ತಾಳೆ. ನೀನೇನು ಮರದಿಂದ ಉದುರಿದೀಯಾ?" ಅಂದರಂತೆ. ಇದನ್ನು ಅವರು ಹೇಳಲಿಲ್ಲ, ಕಂಡಕ್ಟರು ಊರಿಗೆಲ್ಲ ಹೇಳಿದ.

ಮುರುಗೇಶಪ್ಪನವರ ಮನೆಯಲ್ಲಿ ಕಂಪನಿಯ ಇನ್‌ಸ್ಪೆಕ್ಟರು ಕೂತಿದ್ದರು. ವಿಮಲಮ್ಮ ಒಳಗೆ ಹೋಗುವ ಮೊದಲೇ ಮುರುಗೇಶಪ್ಪ ಬಾಗಿಲಲ್ಲಿ ಪಿಸುಗುಟ್ಟಿದರು, "ದನ ಅಡ್ಡ ಬಂತು ಅಂದ್ಬಿಡಿ ಅಮ್ಮಾ. ಎಲ್ಲಾ ಸುಲಭ."

"ದನ ಬರಲಿಲ್ಲ ಸಾರ್. ಹಾರನೇ ಸಿಕ್ಕಿದ್ದು," ಅಂದಳು ಒಳಗಿನವರಿಗೂ ಕೇಳುವ ಹಾಗೆ.

ಇನ್‌ಸ್ಪೆಕ್ಟರು ಕನ್ನಡಕ ಸರಿಮಾಡಿಕೊಂಡರು. "ಹಾರ ಕಟ್ಟಿದ್ದು ಯಾರು?"

"ನಾನು," ಅಂದರು ನಿಮ್ಮಜ್ಜ.

"ನೀವು ಇವರಿಗೆ ಏನಾಗ್ಬೇಕು?"

"ಭಾವ. ಒಂದೇ ಮನೆ."

"ಹಾಗಾದ್ರೆ ಕಷ್ಟ. ಮನೆಯವರೇ ಹಾನಿ ಮಾಡಿದ್ದಕ್ಕೆ ಕಂಪನಿ ಕೊಡೋಕಾಗಲ್ಲ."

ನಿಮ್ಮಜ್ಜನ ಮುಖ ಕೆಂಪಾಯಿತು. ಸೈಕಲ್ಲು ಬೇಡ ಅಂದವರು, ಕೆಲಸ ಬಿಡು ಅಂದವರು, ಆ ಒಂದು ಮಾತಿಗೆ ಸುಮ್ಮನಿದ್ದಿದ್ದರೆ ಅವರ ಕಟ್ಟು ಗೆದ್ದುಬಿಡುತ್ತಿತ್ತು. ವಿಮಲಮ್ಮ ಅವರನ್ನೇ ನೋಡುತ್ತಿದ್ದಳು.

"ಹಾನಿ ಅಂದ್ರಾ?" ಅಂದರು ಅವರು. "ಉಪವಾಸ ಇದ್ದು, ಮಡಿ ಉಟ್ಟು, ನನ್ನ ಕೈಯಾರೆ ಪೂಜೆ ಮಾಡಿದೀನಿ ಸ್ವಾಮೀ. ಪೂಜೇನ ಹಾನಿ ಅಂತ ಬರೀತೀರಾ? ಬರೀರಿ ನೋಡೋಣ."

ಆಗ ವಿಮಲಮ್ಮ ಕಿಟಕಿಯ ಕಡೆ ಕೈ ತೋರಿಸಿದಳು. "ಹೊರಗೆ ನಿಂತಿರೋ ಕಾರು ಯಾರ್ದು ಸಾರ್?"

"ನಂದೇ. ಯಾಕೆ?"

"ಮುಂದುಗಡೆ ಒಣಗಿದ ಬಾಳೆಕಂದು ಕಟ್ಟಿದೆಯಲ್ಲ, ಅದು ಯಾರು ಕಟ್ಟಿದ್ದು?"

ಅವರು ತಡವರಿಸಿ, "ಮನೆಯವಳು," ಅಂದರು.

"ಹಾಗಾದ್ರೆ ನಿಮ್ಮ ಮನೆಯವರು ನಿಮ್ಮ ಕಾರಿಗೆ ಹಾನಿ ಮಾಡಿದಾರೆ ಅಂತ ಮೊದ್ಲು ಬರ್ಕೊಳ್ಳಿ. ಆಮೇಲೆ ನಮ್ದು ಬರೀರಿ."

ಮುರುಗೇಶಪ್ಪ ಕೆಮ್ಮುವ ನೆವದಲ್ಲಿ ಮುಖ ಮುಚ್ಚಿಕೊಂಡರು. ಇನ್‌ಸ್ಪೆಕ್ಟರು ಕಾರನ್ನು ನೋಡಿದರು, ನಿಮ್ಮಜ್ಜನ ರುಮಾಲು ನೋಡಿದರು, ಆಮೇಲೆ ನಕ್ಕು, ಅಪಘಾತ ಅಂತ ಬರೆದರು. ಚಕ್ರಕ್ಕೂ ಫೋರ್ಕಿಗೂ ದುಡ್ಡು ಬಂತು. ಡೈನಮೋ ಸಿಕ್ಕಿಲ್ಲವಾದ್ದರಿಂದ ಅದು ಇತ್ತೆಂದು ಹೇಗೆ ನಂಬುವುದು ಅಂತ ಅದಕ್ಕೆ ಕೊಡಲಿಲ್ಲ. ಅವಳು ಬಿಟ್ಟಳೇ? ವರ್ಷವಿಡೀ ಕಾಗದ ಬರೆದಳು. ಡೈನಮೋ ಬರಲಿಲ್ಲ, ಅವಳು ಬರೆಯುವುದೂ ನಿಲ್ಲಲಿಲ್ಲ.

ನಸರುಲ್ಲಾ ಹೊಸ ಚಕ್ರ ಕೂರಿಸಿಕೊಟ್ಟ ದಿನ ಹಸಿರು ಸೈಕಲ್ಲಿನ ಮೇಲೆ ಅಂಗಳಕ್ಕೆ ಬಂದು ಇಳಿದಳು. ನಿಮ್ಮಜ್ಜ ಅದೇ ಜಗಲಿಯಲ್ಲಿ ಎಲೆ ಮಡಿಚುತ್ತಿದ್ದರು.

"ಏನಾದ್ರೂ ಆದ್ರೆ ಕೆಲಸ ಬಿಡ್ಬೇಕು ಅಂದಿದ್ರಲ್ಲ ಭಾವ?"

"ಯಾರು ಅಂದಿದ್ದು?" ಅಂತ ಎಲೆ ಬಾಯಿಗೆ ಹಾಕಿಕೊಂಡರು.

ಆಮೇಲೆ ವರ್ಷಾ ವರ್ಷಾ ಅವಳು ಬೀಳುವುದಕ್ಕೇ ವಿಮೆ ಕಟ್ಟಿದಳು. ಮುರುಗೇಶಪ್ಪ ಪ್ರತಿ ಸಲವೂ ಕಳ್ಳತನಕ್ಕೂ ಮಾಡಿಸಿ ಅನ್ನುತ್ತಿದ್ದರು, ಅವಳು ಕದಿಯುವವರೆಲ್ಲಿ ಅನ್ನುತ್ತಿದ್ದಳು. ಒಂದು ಸಲ, ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು, ಶಿವಮೊಗ್ಗದ ಕಾಲೇಜಿನ ಹುಡುಗಿಯೊಬ್ಬಳ ಲೇಡೀಸ್ ಸೈಕಲ್ಲು ಕಳುವಾಯಿತು ಅಂತ ನಸರುಲ್ಲಾ ಹೇಳಿದ. ಆಗ ಹುಡುಗಿಯರು ಸೈಕಲ್ ಹತ್ತಲು ಶುರು ಮಾಡಿದ್ದರು, ಅಂಥ ಸೈಕಲ್ಲನ್ನು ಕೊಳ್ಳುವವರೂ ಹುಟ್ಟಿಕೊಂಡಿದ್ದರು. ವಿಮಲಮ್ಮ, "ಪಾಪ, ಆ ಹುಡುಗಿ," ಅಂತ ಒಂದು ಸಲ ಅಂದಳು. ಆಮೇಲೆ ಮುಖದಲ್ಲಿ ಬಂದ ನಗುವನ್ನು ತಡೆಯಲು ಅವಳಿಗೆ ಆಗಲಿಲ್ಲ. ಆ ಭಾನುವಾರವೇ ಭದ್ರಾವತಿಗೆ ತುಳಿದುಕೊಂಡು ಹೋಗಿ, ಮುರುಗೇಶಪ್ಪನವರ ಮುಂದೆ ಸೈಕಲ್ಲು ನಿಲ್ಲಿಸಿ, "ಈಗ ಕಳ್ಳತನಕ್ಕೂ ಬರ್ಕೊಳ್ಳಿ ಸಾರ್," ಅಂದಳು.

ಸಾಕು, ಇಷ್ಟು ಬರೆದೆಯಲ್ಲ, ಈಗ ಎದ್ದೇಳು. ನಾಳಿದ್ದು ಆಯುಧಪೂಜೆ. ಆ ಗೋಣಿತಾಟು ತೆಗೆದು ಸೈಕಲ್ಲು ಒರೆಸಬೇಕು. ನೀನು ಗಾಂಧಿ ಬಜಾರಿಗೆ ಹೋಗಿ ಚೆಂಡುಹೂವು ತಂದುಬಿಡು. ಬಿಡಿ ಹೂವೇ ತರಬೇಕು ನೋಡು, ಹೂವಿನವಳು ಎಷ್ಟು ಹೇಳಿದರೂ ಕಟ್ಟಿದ ಹಾರ ಮಾತ್ರ ತರಬೇಡ.